ಪಾಯಿಂಟ್ 32 ರಿವಾಲ್ವರ್: ತರುವುದು, ಹೊಡೆಯುವುದು, ಕಾಪಾಡುವುದು

ನಮ್ಮ ಸಿರುಗುಪ್ಪದ ಕಡೆ ಕೆಲವು ರೈಸ್ ಮಿಲ್ ಮನೆಗಳಲ್ಲಿ ಪಾಯಿಂಟ್ 32 ರಿವಾಲ್ವರ್ ಇದೆ, ಅಂದರೆ ನಳಿಗೆಯ ತೂತು ಸುಮಾರು 0.32 ಇಂಚಿನದು. ಭತ್ತದ ದುಡ್ಡು ಚೀಲದಲ್ಲಿ ಬರುತ್ತಿದ್ದ ಕಾಲದಲ್ಲಿ ತೆಗೆದುಕೊಂಡಿದ್ದು. ಈಗ ದುಡ್ಡು ಬ್ಯಾಂಕಿನಲ್ಲೇ ಓಡಾಡುತ್ತದೆ, ರಿವಾಲ್ವರ್ ಮಾತ್ರ ಟ್ರೆಜರಿಯಲ್ಲಿ, ಅಂದರೆ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಮಲಗಿದೆ. ನಮ್ಮ ಮನೆಯದ್ದೂ ಹಾಗೇ ಇತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಅದು ನನ್ನ ಹೆಸರಿಗೆ ಬಂತು. ಚರ್ಮದ ಕವರ್‌ನಿಂದ ಎಳೆದು ತೆಗೆದೆ. ಕವರ್‌ಗೆ ತಾಗಿದ ಬದಿಯೆಲ್ಲ ತುಕ್ಕು, ಬ್ಯಾರಲ್ ಮೇಲೆ ಸಿಡುಬಿನ ಕಲೆಯ ಹಾಗೆ ಸಣ್ಣ ಸಣ್ಣ ಗುಳಿ. ಇಪ್ಪತ್ತು ವರ್ಷದಲ್ಲಿ ಅದರಿಂದ ಹತ್ತು ಗುಂಡೂ ಹಾರಿರಲಿಕ್ಕಿಲ್ಲ.

ಆಮೇಲೆ ಫೈರಿಂಗ್ ರೇಂಜಿನಲ್ಲಿ, ರಿಪೇರಿ ಮಾಡುವವರ ಹತ್ತಿರ ಬೇಕಾದಷ್ಟು ರಿವಾಲ್ವರ್ ನೋಡಿದೆ. ಹೊಡೆದು ಸವೆದು ಕೆಟ್ಟಿದ್ದು ಒಂದೂ ಕಾಣಲಿಲ್ಲ. ಇಟ್ಟಲ್ಲೇ ಇಟ್ಟು ಕೆಟ್ಟವೇ ಎಲ್ಲ. ಹಾಗಾಗಿ ಇದು ಗಟ್ಟಿ ರಿವಾಲ್ವರ್ ಯಾವುದು ಅನ್ನುವುದಕ್ಕಿಂತ, ಗಟ್ಟಿ ರಿವಾಲ್ವರ್ ಗಟ್ಟಿಯಾಗೇ ಉಳಿಯಬೇಕಾದರೆ ಏನು ಮಾಡಬೇಕು ಅನ್ನುವ ಬರಹ.

ಮೊದಲು ಕಾಗದ

ಅಂಗಡಿಗೆ ಹೋಗಿ ಆರಿಸಿ ಬರೋಣ, ಲೈಸೆನ್ಸ್ ಆಮೇಲೆ ನೋಡೋಣ ಅನ್ನುವವರಿದ್ದಾರೆ. ಆಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಎರಡೂ ಹೇಳುವುದು ಒಂದೇ: ಲೈಸೆನ್ಸ್ ಮುಂಚೆ, ಆಯುಧ ಆಮೇಲೆ. ವಯಸ್ಸು 21 ತುಂಬಿರಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬರ ಹೆಸರಿನಲ್ಲಿ ಎರಡೇ ಆಯುಧ ಇರಬಹುದು. ಮುಂಚೆ ಮೂರಿತ್ತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಲೈಸೆನ್ಸ್ ಇಲ್ಲದೆ ಇಂಥ ಆಯುಧ ಇಟ್ಟುಕೊಂಡು ಸಿಕ್ಕಿಬಿದ್ದರೆ 2ರಿಂದ 5 ವರ್ಷ ಜೈಲು. "ಅಜ್ಜನದು ರೀ, ಸುಮ್ನೆ ಮನೆಯಾಗ ಐತಿ" ಅನ್ನುವ ಮಾತು ಅಲ್ಲಿ ನಡೆಯಲ್ಲ.

ಅರ್ಜಿ ಫಾರಂ ಎ-1. ಕೇಂದ್ರ ಗೃಹ ಇಲಾಖೆಯ ಪೋರ್ಟಲ್‌ನಲ್ಲಿ ತುಂಬಿ, ಡಿಸಿ ಆಫೀಸಿಗೆ ಕೊಡಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದವರು ಆಯಾ ಡಿಸಿಗೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತಲ್ಲ, ಹೊಸಪೇಟೆ, ಕೂಡ್ಲಿಗಿ, ಹಡಗಲಿಯವರ ಕಡತ ಈಗ ಬಳ್ಳಾರಿಗೆ ಬರುವುದಿಲ್ಲ. ಅರ್ಜಿಯ ಜೊತೆ ವಿಳಾಸ, ವಯಸ್ಸಿನ ದಾಖಲೆ, ಡಾಕ್ಟರ್ ಸರ್ಟಿಫಿಕೇಟು, ಆಯುಧ ಎಲ್ಲಿ ಹೇಗೆ ಭದ್ರವಾಗಿ ಇಡುತ್ತೀರಿ ಎಂಬ ಮುಚ್ಚಳಿಕೆ, ತರಬೇತಿ ಪಡೆದ ಪತ್ರ ಕೇಳುತ್ತಾರೆ. ಠಾಣೆಯಿಂದ ವಿಚಾರಣೆಗೆ ಬರುತ್ತಾರೆ. ಅಕ್ಕಪಕ್ಕದವರನ್ನೂ ಕೇಳಿಕೊಂಡು ಹೋಗಬಹುದು. ಕಾರಣ ಬರೆಯುವ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. "ಪ್ರತಿಷ್ಠೆಗಾಗಿ" ಅಂತ ಯಾರೂ ಬರೆಯಲ್ಲ, ಆದರೆ ಓದುವವರಿಗೆ ಗೊತ್ತಾಗುತ್ತದೆ.

ನಮ್ಮ ಕಡೆಗೆ ಮಾತ್ರ ಅನ್ವಯಿಸುವ ಒಂದು ವಿಷಯವಿದೆ. ದರೋಜಿ ಕರಡಿಧಾಮದ ಹತ್ತಿರದವರು ಗಮನಿಸಿ. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಈಗಾಗಲೇ ಲೈಸೆನ್ಸ್ ಇದ್ದವರೂ ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಕಮಲಾಪುರ, ಕಂಪ್ಲಿ, ಸಂಡೂರು ಕಡೆಯವರು ತಮ್ಮ ಊರು ಆ ಅಳತೆಯೊಳಗೆ ಬರುತ್ತದೋ ಇಲ್ಲವೋ ಅಂತ ಮೊದಲೇ ವಿಚಾರಿಸಿಕೊಂಡರೆ ಓಡಾಟ ಉಳಿಯುತ್ತದೆ. ಕರಡಿ ಬರುತ್ತದೆ ಅಂತ ರಿವಾಲ್ವರ್ ಬೇಕು ಅನ್ನುವುದಂತೂ ಸರಿಯಾದ ಲೆಕ್ಕವಲ್ಲ. ಕರಡಿ ಕಾನೂನಿನ ರಕ್ಷಣೆ ಇರುವ ಪ್ರಾಣಿ. ಪಾಯಿಂಟ್ 32 ಗುಂಡು ತಗುಲಿದರೆ ಅದು ಬೀಳಲ್ಲ, ಸಿಟ್ಟಾಗುತ್ತದೆ.

ಮನೆತನದ ಆಯುಧವಾದರೆ ದಾರಿ ಸ್ವಲ್ಪ ಸಲೀಸು. ಲೈಸೆನ್ಸ್‌ದಾರರು ತೀರಿಕೊಂಡರೆ ವಾರಸುದಾರರು ಅರ್ಜಿ ಹಾಕಬಹುದು. ಬದುಕಿದ್ದಾಗಲೇ ಕೊಡುವುದಾದರೆ ಅವರಿಗೆ 70 ತುಂಬಿರಬೇಕು, ಇಲ್ಲವೇ ಆಯುಧ ಅವರ ಹತ್ತಿರ 25 ವರ್ಷ ಇದ್ದಿರಬೇಕು. ಲೈಸೆನ್ಸ್ ಬರುವ ತನಕ ಆಯುಧವನ್ನು ಠಾಣೆಯಲ್ಲೋ ಡೀಲರ್ ಹತ್ತಿರವೋ ಜಮಾ ಮಾಡಿ ರಸೀದಿ ತಗೊಳ್ಳಿ. ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ) ನಂಬರ್ ಇಲ್ಲದ ಹಳೇ ಲೈಸೆನ್ಸ್ ಪುಸ್ತಕ ಈಗ ಲೆಕ್ಕಕ್ಕಿಲ್ಲ, ಅದನ್ನೂ ನೋಡಿಕೊಳ್ಳಿ.

ಯಾವುದು

ನಮ್ಮ ದೇಶದಲ್ಲಿ ಎಲ್ಲರ ಕೈಯಲ್ಲೂ ಪಾಯಿಂಟ್ 32 ಯಾಕೆ? ಪಾಯಿಂಟ್ 38, 9 ಎಂಎಂ ಇವೆಲ್ಲ ಸೈನ್ಯ, ಪೊಲೀಸರ ಬೋರ್ (ನಳಿಗೆಯ ಅಳತೆ), ಸಾಮಾನ್ಯರಿಗೆ ಸಿಗಲ್ಲ. ಹೊರದೇಶದ್ದು ತರಿಸುವ ದಾರಿ ಎಂಬತ್ತರ ದಶಕದಲ್ಲೇ ಮುಚ್ಚಿತು. ಆಗ ಬಂದ ಹಳೆಯವು ಕೈಬದಲಾಗುವಾಗ ಬೆಲೆ ಕೇಳಿದರೆ ಒಂದು ಎಕರೆ ನೆನಪಾಗುತ್ತದೆ. ಉಳಿದದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್. ಈಚೆಗೆ ಕೆಲವು ಖಾಸಗಿಯವರೂ ಮಾಡುತ್ತಿದ್ದಾರೆ.

ಕಾನ್ಪುರದ ಹಳೇ ಮಾದರಿ ಬ್ರಿಟನ್ನಿನ ವೆಬ್ಲಿ ರಿವಾಲ್ವರ್ ನಮೂನೆಯದು. ಆರು ಗುಂಡು, ಬ್ಯಾರಲ್ ಮೂರು ಇಂಚು, ಖಾಲಿ ತೂಕ ಸುಮಾರು 700 ಗ್ರಾಂ. ಗುಂಡಿಗೆ ಬಡಿಯುವ ಹ್ಯಾಮರ್ ಪಕ್ಕದ ಕೊಂಡಿ ಒತ್ತಿದರೆ ಬ್ಯಾರಲ್ ಕೆಳಗೆ ಬಾಗುತ್ತದೆ, ಗುಂಡು ತುಂಬುವ ಸಿಲಿಂಡರ್ ಮಧ್ಯದ ನಕ್ಷತ್ರದಾಕಾರದ ಬಿಲ್ಲೆ ಮೇಲೆದ್ದು ಆರೂ ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ಕೊಳವೆ) ಒಮ್ಮೆಲೇ ಹೊರಬೀಳುತ್ತವೆ. 2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು 500 ಗ್ರಾಂ. ಆಗಲೇ ಅದರ ಬೆಲೆ ಸುಮಾರು 1.22 ಲಕ್ಷ ಇತ್ತು. 2023ರಲ್ಲಿ ಬಂದ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಸರಿಯುತ್ತದೆ. ತೂಕ ಮತ್ತೆ 700 ಗ್ರಾಂ ಹತ್ತಿರ.

ಹಗುರ ಇದ್ದರೆ ಒಳ್ಳೇದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸೊಂಟಕ್ಕೆ ಒಳ್ಳೇದು, ಕೈಗಲ್ಲ. ಹಗುರವಾದಷ್ಟೂ ಒದೆತ ಜಾಸ್ತಿ. ಒದೆತ ಜಾಸ್ತಿಯಾದರೆ ಹೆದರಿಕೆ, ಹೆದರಿಕೆ ಬಂದರೆ ಅಭ್ಯಾಸಕ್ಕೆ ಹೋಗುವುದೇ ನಿಂತುಬಿಡುತ್ತದೆ. ನನ್ನ ಮತ 700 ಗ್ರಾಂ ಉಕ್ಕಿನ ಕಡೆಗೆ.

ಗುಂಡು ಕೊಳ್ಳುವಾಗ ಒಂದು ಎಚ್ಚರಿಕೆ. "ಪಾಯಿಂಟ್ 32 ಕೊಡಿ" ಅಂದರೆ ಸಾಲದು. ಪಿಸ್ತೂಲಿನ ಪಾಯಿಂಟ್ 32 ಬೇರೆ, ರಿವಾಲ್ವರ್‌ದೇ ಬೇರೆ. ಪಿಸ್ತೂಲಿನ ಕೇಸ್ 17 ಎಂಎಂ, ಗಿಡ್ಡ. ರಿವಾಲ್ವರ್‌ದು 23 ಎಂಎಂ ಉದ್ದ, ಹಿಂಬದಿಯಲ್ಲಿ ಅಗಲವಾದ ಅಂಚು ಇರುತ್ತದೆ. ಗಿಡ್ಡದ್ದು ಕೆಲವು ರಿವಾಲ್ವರ್‌ಗಳಲ್ಲಿ ಹೇಗೋ ಕೂತುಬಿಡುತ್ತದೆ. ಕೂತಿತಲ್ಲ ಅಂತ ಹೊಡೆಯಬೇಡಿ. ಅದು ಈ ಸಿಲಿಂಡರಿನ ಕೋಣೆಗಾಗಿ, ಅಂದರೆ ಗುಂಡು ಕೂರುವ ತೂತಿಗಾಗಿ, ಮಾಡಿದ್ದಲ್ಲ. ಒಮ್ಮೆಗೆ ಎಷ್ಟು ಗುಂಡು, ವರ್ಷಕ್ಕೆ ಎಷ್ಟು ಅನ್ನುವುದು ನಿಮ್ಮ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಖಾಲಿ ಕೇಸ್ ಎಸೆಯಬೇಡಿ, ಲೆಕ್ಕ ಕೇಳಿದಾಗ ತೋರಿಸಲು ಬೇಕು.

ಹಳೇದು ನೋಡುವಾಗ

ಎತ್ತು ಕೊಳ್ಳುವಾಗ ಹಲ್ಲು ನೋಡಿದ ಹಾಗೆ ಇದಕ್ಕೂ ಒಂದು ಕ್ರಮ ಇದೆ. ಮೊದಲು ಬಿಚ್ಚಿ, ಆರೂ ಕೋಣೆ ಖಾಲಿ ಇದೆಯಾ ನೋಡಿ. ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ. ಮಾರುವವನು "ಖಾಲಿ ಐತ್ರೀ" ಅಂದರೂ ನೋಡಿ.

ಮುಚ್ಚಿದ ಮೇಲೆ ಬ್ಯಾರಲ್ ಒಂದು ಕೈಯಲ್ಲಿ, ಹಿಡಿ ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಹಳೇ ಮಾದರಿಯಲ್ಲಿ ಸವೆಯುವುದು ಕೆಳಗಿನ ಕೀಲು ಮತ್ತು ಮೇಲಿನ ಕೊಂಡಿ. ಕಟಕಟ ಅಂದರೆ ಬೇಡ. ಆಮೇಲೆ ಹ್ಯಾಮರ್ ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಗಟ್ಟಿಯಾಗಿ ಕೂತಿರಬೇಕು. ಆರೂ ಕೋಣೆಗೂ ಹೀಗೇ ನೋಡಿ, ಒಂದು ಕೋಣೆ ಮಾತ್ರ ಹಿಂದೆ ಬೀಳುವುದುಂಟು. ಸಿಲಿಂಡರ್ ಸರಿಯಾಗಿ ಕೂರದಿದ್ದರೆ ಗುಂಡು ಬ್ಯಾರಲ್ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಹ್ಯಾಮರ್ ಬಿಡುವಾಗ ಹೆಬ್ಬೆರಳಿನಿಂದ ತಡೆದು ಇಳಿಸಿ. ಖಾಲಿ ಕೋಣೆಯ ಮೇಲೆ ಟಪ್ಪಂತ ಬಡಿಯಬೇಡಿ, ಹ್ಯಾಮರ್ ಮೊನೆ ಮುರಿಯುತ್ತದೆ.

ಕೊನೆಗೆ ಬಿಚ್ಚಿದ ಬ್ಯಾರಲ್ ಹಿಂದೆ ಬಿಳಿ ಕಾಗದ ಹಿಡಿದು ಇಣುಕಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ನಡುವೆ ಬಳೆಯ ಹಾಗೆ ಕಪ್ಪು ಉಂಗುರ ಕಂಡರೆ ಹಿಂದೆ ಯಾವತ್ತೋ ಗುಂಡು ಸಿಕ್ಕಿಕೊಂಡು, ಅದರ ಮೇಲೆ ಇನ್ನೊಂದು ಹೊಡೆದಿದ್ದಾರೆ. ಕೈ ಮುಗಿದು ವಾಪಸ್ ಬನ್ನಿ. ಆಯುಧದ ಮೇಲಿನ ನಂಬರ್ ಮತ್ತು ಕಾಗದದ ನಂಬರ್ ಒಂದೇನಾ ಅಂತಲೂ ನೋಡಬೇಕು, ಹೇಳಬೇಕಾಗಿಲ್ಲ.

ಹೊಡೆಯುವುದು

ಎಲ್ಲಿ? ಹೊಲದಲ್ಲಿ ಅಲ್ಲ, ಗುಡ್ಡದ ಹಿಂದೆ ಅಲ್ಲ. ಕಾನೂನು ಒಂದು ಕಡೆಯಿರಲಿ. ನಮ್ಮದು ಬಂಡೆಗಲ್ಲಿನ ನಾಡು. ಆನೆಗೊಂದಿಯಿಂದ ಬಳ್ಳಾರಿ ಕೋಟೆವರೆಗೂ ಗ್ರಾನೈಟ್ ಬಂಡೆ. ಅದಕ್ಕೆ ಬಡಿದ ಸೀಸ ಎತ್ತ ತಿರುಗುತ್ತದೆ ಅಂತ ಯಾರೂ ಹೇಳಲಾರರು. ನೀರು ನಿಂತ ಭತ್ತದ ಗದ್ದೆಯೂ ಹಾಗೇ, ಕಾಲುವೆಯ ಮೇಲೆ ಬಿಲ್ಲೆಗಲ್ಲು ಎಸೆದರೆ ಪುಟಿಯುತ್ತದಲ್ಲ, ಗುಂಡೂ ಪುಟಿಯುತ್ತದೆ. ಪುಟಿಯದೆ ಹೋದ ಗುಂಡು ಒಂದು ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ, ಎಸ್ಪಿ ಆಫೀಸಿನಲ್ಲಿ ವಿಚಾರಿಸಿ. ಅಲ್ಲಿ ಕಲಿಸುವುದು ಹೆಚ್ಚಾಗಿ ರೈಫಲ್, ಆದರೆ ಶಿಸ್ತು ಎರಡಕ್ಕೂ ಒಂದೇ. ರಿವಾಲ್ವರ್ ಅಭ್ಯಾಸಕ್ಕೆ ರೈಫಲ್ ಕ್ಲಬ್ಬಿನ ರೇಂಜು ಬೇಕು.

ನನಗೆ ಕಲಿಸಿದವರು ನಿವೃತ್ತ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್) ಹವಾಲ್ದಾರರು. ಮೊದಲ ದಿನ ಗುಂಡೇ ಕೊಡಲಿಲ್ಲ. ಖಾಲಿ ರಿವಾಲ್ವರ್ ಕೈಗೆ ಕೊಟ್ಟು ನಿಲ್ಲಿಸಿದರು. ನಾನು ಯಾರನ್ನೋ ಮಾತಾಡಿಸಲು ತಿರುಗಿದೆ, ಕೈಯೂ ಜೊತೆಗೆ ತಿರುಗಿತು.

"ಸಾವ್ಕಾರ್ರ, ಬಾಯಿ ಎಲ್ಲಿ ತಿರುಗಿದ್ರೂ ನಡೀತೈತಿ, ಅದರ ಬಾಯಿ ಮಾತ್ರ ಗುರಿ ಕಡೆನ ಇರ್ಲಿ" ಅಂದರು. "ಬೆರಳು ಹೊರಗಿಡ್ರಿ. ಹೊಡಿಯಾಕ ಮನಸು ಮಾಡಿದ ಮ್ಯಾಲ ಒಳಗ."

ಅರ್ಧ ಗಂಟೆ ಅಷ್ಟೇ ಮಾಡಿದೆವು.

ಹಿಡಿತ ಹೀಗೆ. ಬಲಗೈ ಹಿಡಿಯ ಮೇಲೆ ಆದಷ್ಟು ಎತ್ತರಕ್ಕೆ ಕೂರಲಿ. ಎಡಗೈ ಅದರ ಸುತ್ತ ಬರಲಿ, ಎಡ ಹೆಬ್ಬೆರಳು ಬಲ ಹೆಬ್ಬೆರಳಿನ ಮೇಲೆ. ಪಿಸ್ತೂಲ್ ಅಭ್ಯಾಸ ಇದ್ದವರು ಹೆಬ್ಬೆರಳನ್ನು ಮುಂದಕ್ಕೆ ಚಾಚುತ್ತಾರೆ. ರಿವಾಲ್ವರ್‌ನಲ್ಲಿ ಹಾಗೆ ಮಾಡಬಾರದು. ಸಿಲಿಂಡರ್ ಮತ್ತು ಬ್ಯಾರಲ್ ನಡುವೆ ಸಣ್ಣ ಸಂದು ಇದೆ, ಪ್ರತಿ ಗುಂಡಿಗೂ ಅಲ್ಲಿಂದ ಬಿಸಿ ಗಾಳಿ, ಸೀಸದ ಪುಡಿ ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ರೇಂಜಿನ ಇಯರ್ ಮಫ್ ಹಾಕಲೇಬೇಕು. ಹತ್ತಿ ತುರುಕಿಕೊಂಡರೆ ಕಿವಿ ಉಳಿಯಲ್ಲ. ಮಿಲ್ಲಿನ ಸದ್ದಿಗೆ ಅರ್ಧ ಹೋದ ಕಿವಿ ನನ್ನದು, ಉಳಿದರ್ಧ ಬೇಕು.

ಗುರಿಯನ್ನು ಏಳು ಮೀಟರಿನಲ್ಲಿ ಶುರು ಮಾಡಿ. ಬ್ಯಾರಲ್ ತುದಿಯ ಗುರಿಮೊಳೆ ಚೊಕ್ಕಟವಾಗಿ ಕಾಣಬೇಕು, ಗುರಿಯ ಕಾಗದ ಮಸುಕಾಗಿದ್ದರೂ ಚಿಂತೆಯಿಲ್ಲ. ಎಲ್ಲರೂ ಉಲ್ಟಾ ಮಾಡುತ್ತಾರೆ. ಶುರುವಿನಲ್ಲಿ ಹ್ಯಾಮರ್ ಎಳೆದಿಟ್ಟು ಹೊಡೆದರೆ ಟ್ರಿಗರ್ ಹಗುರ, ಗುರಿಯೂ ಚೆನ್ನಾಗಿ ಬರುತ್ತದೆ. ಆದರೆ ಅದಕ್ಕೇ ಅಂಟಿಕೊಳ್ಳಬೇಡಿ. ಹ್ಯಾಮರ್ ಮುಟ್ಟದೆ ಟ್ರಿಗರ್ ಒಂದನ್ನೇ ಎಳೆಯುವ ಅಭ್ಯಾಸವೇ ನಿಜವಾದದ್ದು. ಅದು ಉದ್ದ, ಭಾರ. ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ ಒಂದೇ ಸಮ ಎಳೆಯಬೇಕು. ನಡುವೆ ನಿಂತರೆ ಕೈ ನಡುಗುತ್ತದೆ, ಜಗ್ಗಿದರೆ ಬ್ಯಾರಲ್ ಬಾಯಿ ಕೆಳಗಿಳಿಯುತ್ತದೆ. ಗುಂಡು ಹಾರಿದ ಮೇಲೆ ಟ್ರಿಗರ್ ಪೂರ್ತಿ ಮುಂದಕ್ಕೆ ಬಿಡಿ. ಅರ್ಧ ಬಿಟ್ಟು ಮತ್ತೆ ಎಳೆದರೆ ಸಿಲಿಂಡರ್ ತಿರುಗಲ್ಲ, ಆಗ "ಕೆಟ್ಟಿದೆ" ಅನ್ನುತ್ತೀರಿ.

ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಬೀಳುತ್ತಿದ್ದರೆ ಮೊಳೆ ಸೊಟ್ಟ ಇಲ್ಲ, ನೀವು ಸದ್ದಿಗೆ ಮುಂಚೆಯೇ ಬೆಚ್ಚುತ್ತಿದ್ದೀರಿ. ಇದಕ್ಕೆ ಒಂದು ಉಪಾಯ ಇದೆ. ಮೂರು ಗುಂಡು, ಮೂರು ಖಾಲಿ ಕೇಸ್ ಬೆರೆಸಿ ಬೇರೆಯವರು ತುಂಬಿಕೊಡಲಿ. ನೀವು ನೋಡಬೇಡಿ. ಖಾಲಿ ಕೇಸ್ ಮೇಲೆ ಹ್ಯಾಮರ್ ಬಿದ್ದಾಗ ಟಕ್ ಅನ್ನುತ್ತದೆ, ಬ್ಯಾರಲ್ ಮಾತ್ರ ತಾನೇ ಕೆಳಗೆ ಮುಗ್ಗರಿಸುತ್ತದೆ. ನನ್ನದು ಮೊದಲ ಸಲ ಎಷ್ಟು ಮುಗ್ಗರಿಸಿತೆಂದರೆ ಹವಾಲ್ದಾರರು ನಕ್ಕುಬಿಟ್ಟರು. ಪ್ರತಿ ಸಲ ಹತ್ತು ನಿಮಿಷ ಇದನ್ನೇ ಮಾಡಿ, ಗುಂಡೂ ಉಳಿಯುತ್ತದೆ.

ಎರಡು ಸದ್ದು ನೆನಪಿಡಿ. ಟ್ರಿಗರ್ ಎಳೆದರೂ ಗುಂಡು ಹಾರಲಿಲ್ಲ, ಬರೀ ಟಕ್ ಅಂದಿತು. ಆಗ ಬಾಯಿ ಗುರಿ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ಗುಂಡೂ ಇರುತ್ತದೆ. ಮತ್ತೆ ಟ್ರಿಗರ್ ಎಳೆದರೆ ಆ ಗುಂಡಿರುವ ಕೋಣೆ ಬ್ಯಾರಲ್ ಎದುರಿನಿಂದ ಪಕ್ಕಕ್ಕೆ ಸರಿದು, ಗುಂಡು ಅಲ್ಲಿ ಸಿಡಿದೀತು. ಇನ್ನೊಂದು, ಢಂ ಅನ್ನುವ ಬದಲು ಪುಸ್ ಅನ್ನುವುದು. ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರಲ್ ಒಳಗೇ ಉಳಿದಿರಬಹುದು. ಖಾಲಿ ಮಾಡಿ, ಬೆಳಕು ಹಿಡಿದು ನೋಡುವ ತನಕ ಇನ್ನೊಂದು ಹೊಡೆಯಬೇಡಿ. ಆ ಕಪ್ಪು ಉಂಗುರ ಬೀಳುವುದು ಹೀಗೇ.

ಮುಗಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಸೀಸ ಕೈಗೆ ಅಂಟಿರುತ್ತದೆ. ರೇಂಜಿನಲ್ಲೇ ಮಿರ್ಚಿ-ಮಂಡಕ್ಕಿ ತಿನ್ನುವ ಚಟ ನಮ್ಮವರಿಗಿದೆ, ತೊಳೆದ ಮೇಲೆ ತಿನ್ನಿ.

ಒರೆಸುವುದು

ಒಂದು ದಿನ ನನ್ನ ರಿವಾಲ್ವರ್ ಎರಡನೇ ಸುತ್ತಿನಲ್ಲೇ ನಿಂತುಬಿಟ್ಟಿತು. ಸಿಲಿಂಡರ್ ತಿರುಗಲೇ ಇಲ್ಲ. ಕಾನ್ಪುರಕ್ಕೆ ಕಳಿಸಬೇಕೇನೋ ಅಂತ ಮುಖ ಸಣ್ಣ ಮಾಡಿಕೊಂಡೆ. ಹವಾಲ್ದಾರರು ಬಿಚ್ಚಿ, ಖಾಲಿ ಮಾಡಿ, ನಕ್ಷತ್ರವನ್ನು ಹೆಬ್ಬೆರಳಿನಿಂದ ಮೇಲೆತ್ತಿದರು. ಜೇಬಿನಿಂದ ಹಳೇ ಹಲ್ಲುಜ್ಜುವ ಬ್ರಷ್ ತೆಗೆದು ಅದರ ಕೆಳಗೆ ಎರಡು ಸಲ ಎಳೆದರು. ಸಾಸಿವೆಗಿಂತ ಸಣ್ಣ, ಉರಿಯದೆ ಉಳಿದ ಮದ್ದಿನ ಕಾಳೊಂದು ಅಂಗೈ ಮೇಲೆ ಬಿತ್ತು.

"ಕೆಟ್ಟಿಲ್ರೀ ಇದು. ಹೊಲಸಾಗೈತಿ ಅಷ್ಟ."

ಆ ಒಂದು ಕಾಳು ನಕ್ಷತ್ರವನ್ನು ಕೂದಲೆಳೆಯಷ್ಟು ಮೇಲೆ ನಿಲ್ಲಿಸಿತ್ತು, ಸಿಲಿಂಡರ್ ಬಿಗಿದಿತ್ತು. ಅವತ್ತಿನಿಂದ ಬ್ರಷ್ ನನ್ನ ಜೇಬಿನಲ್ಲೂ ಇದೆ. ಖಾಲಿ ಕೇಸ್ ಹೊರಹಾಕುವಾಗ ಬಾಯಿ ಮೇಲೆ ಮಾಡಿ ಹಾಕಿದರೆ ಮದ್ದಿನ ಪುಡಿಯೂ ಅದರ ಜೊತೆಗೇ ಬೀಳುತ್ತದೆ.

ಹೊಡೆದ ದಿನವೇ ಒರೆಸಬೇಕು. ನಾಳೆ ಅಂದರೆ ಮುಂದಿನ ತಿಂಗಳು ಅಂತಲೇ ಲೆಕ್ಕ. ಗುಂಡುಗಳನ್ನು ಮನೆಯ ಬೇರೆ ಕೋಣೆಯಲ್ಲಿಟ್ಟು ಬಂದು ಕೂತುಕೊಳ್ಳಿ. ಹಿತ್ತಾಳೆ ತಂತಿಯ ಬ್ರಷ್ಷಿಗೆ ಸಾಲ್ವೆಂಟ್ ಹಚ್ಚಿ ಬ್ಯಾರಲ್ ಹಿಂಬದಿಯಿಂದ ತೂರಿಸಿ, ಆಮೇಲೆ ಒಂದೊಂದು ಕೋಣೆಗೂ. ಹತ್ತು ನಿಮಿಷ ಬಿಟ್ಟು ಬಟ್ಟೆ ಎಳೆಯಿರಿ. ಬಟ್ಟೆ ಬಿಳಿಯಾಗೇ ಹೊರಬರುವ ತನಕ ಎಳೆಯಬೇಕು. ಬಳ್ಳಾರಿಯಲ್ಲಿ ಜೀನ್ಸ್ ಚಿಂದಿಗೆ ಬರವಿಲ್ಲ, ಆದರೆ ಅದು ದಪ್ಪ, ನೂಲು ಬಿಡುತ್ತದೆ. ಹಳೇ ಬನಿಯನ್ ಬಟ್ಟೆಯಷ್ಟು ಒಳ್ಳೇದು ಬೇರೊಂದಿಲ್ಲ.

ಎಣ್ಣೆ ಹಾಕುವುದರಲ್ಲೇ ನಮ್ಮವರು ತಪ್ಪುವುದು. ಚಕ್ಕಡಿ ಕೀಲಿಗೆ ಸುರಿದ ಹಾಗೆ ಸುರಿಯುತ್ತಾರೆ. ಸಂಡೂರಿನ ಕೆಂಪು ಧೂಳು, ಮಿಲ್ಲಿನ ತೌಡಿನ ಧೂಳು, ರಾಯಚೂರಿನ ಶಕ್ತಿನಗರ ಕಡೆಯಾದರೆ ಹಾರುಬೂದಿ, ಎಲ್ಲವೂ ಆ ಎಣ್ಣೆಗೆ ಬಂದು ಕೂತು ಅರೆಯುವ ಹಿಟ್ಟಾಗುತ್ತದೆ. ಕೀಲಿಗೆ ಒಂದು ಹನಿ, ನಕ್ಷತ್ರದ ಕಡ್ಡಿಗೆ ಒಂದು ಹನಿ, ಹೊರಮೈಗೆ ಎಣ್ಣೆಯ ಬಟ್ಟೆಯಿಂದ ಒಂದು ಸವರು. ಕೊಬ್ಬರಿ ಎಣ್ಣೆ ಬೇಡವೇ ಬೇಡ, ವರ್ಷದೊಳಗೆ ಅಂಟಾಗುತ್ತದೆ. ಆಯುಧದ ಎಣ್ಣೆ ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆ ನಡೆಯುತ್ತದೆ. ಗುಂಡಿನ ಮೇಲೆ ಮಾತ್ರ ಎಣ್ಣೆ ತಾಗಬಾರದು.

ಇನ್ನು ಮುಚ್ಚುವ ರೀತಿ. ಸಿನಿಮಾದಲ್ಲಿ ಮಣಿಕಟ್ಟು ಝಾಡಿಸಿ ಟಕ್ ಅಂತ ಮುಚ್ಚುತ್ತಾರಲ್ಲ, ಹಳೆಯದಾದರೆ ಕೊಂಡಿ ಸವೆಯುತ್ತದೆ, ಪಕ್ಕಕ್ಕೆ ಸರಿಯುವ ಸಿಲಿಂಡರ್ ಆದರೆ ಅದನ್ನು ಹಿಡಿದ ತೋಳು ಬಾಗುತ್ತದೆ. ಎರಡು ಕೈ ಕೊಟ್ಟಿದ್ದಾನೆ ದೇವರು.

ಮನೆಯಲ್ಲಿ, ಹಬ್ಬದಲ್ಲಿ, ಎಲೆಕ್ಷನ್‌ನಲ್ಲಿ

ಚರ್ಮದ ಕವರ್ ಹೊರಗೆ ಹೋಗುವಾಗ ಮಾತ್ರ. ಚರ್ಮ ತೇವ ಹೀರಿಕೊಳ್ಳುತ್ತದೆ. ನಮ್ಮದು ಒಣ ಊರು ಅನ್ನುತ್ತೇವೆ, ಆದರೆ ಬೇಸಿಗೆಯ ಬೆವರು, ಕಾಲುವೆ ನೀರು ಬಿಟ್ಟ ಮೇಲಿನ ಥಂಡಿ ಎರಡೂ ಸಾಕು. ಮನೆಯಲ್ಲಿ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಖಾಲಿಯಾಗಿ, ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ. ಗುಂಡು ಬೇರೆ ಬೀಗದಲ್ಲಿ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ಗುಂಡಿಗೆ ಹಸಿರು ಕಿಲುಬು ಹತ್ತುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಲೇಬೇಡಿ, ರಾಯಚೂರಿನ ಮೇ ತಿಂಗಳು ಗೊತ್ತಲ್ಲ. ಬೀಗದ ಕೈ ಮಕ್ಕಳಿಗೆ ಗೊತ್ತಿಲ್ಲ ಅಂತ ನೀವು ಅಂದುಕೊಂಡಿರುತ್ತೀರಿ. ಅವರಿಗೆ ಗೊತ್ತಿರುತ್ತದೆ. ಕೈ ನಿಮ್ಮ ಉಡುದಾರದಲ್ಲೇ ಇರಲಿ. ಮನೆಯಲ್ಲಿ ಯಾರಾದರೂ ಮನಸ್ಸು ಕೆಡಿಸಿಕೊಂಡಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಅವತ್ತೇ ಠಾಣೆಗೋ ಡೀಲರ್‌ಗೋ ಜಮಾ ಮಾಡಿ. ನಾಚಿಕೆ ಪಡುವ ವಿಷಯವಲ್ಲ.

ಮಹಾನವಮಿಗೆ ನಾವೂ ಆಯುಧ ಪೂಜೆ ಮಾಡುತ್ತೇವೆ. ದೊಡ್ಡಪ್ಪ ಕುಂಕುಮ ನೀರಲ್ಲಿ ಕಲಸಿ ಬ್ಯಾರಲ್ ಮೇಲೆ ಹಚ್ಚಿ, ಒದ್ದೆ ಚೆಂಡು ಹೂ ಇಟ್ಟು, ಮೇಲೆ ಲಿಂಬೆಹಣ್ಣು ಹಿಂಡುತ್ತಿದ್ದರು. ಬನ್ನಿ ಕೊಟ್ಟು ಮುಗಿಯುವ ತನಕ ಹಾಗೇ ಇರುತ್ತಿತ್ತು. ಆ ಸಿಡುಬು ಕಲೆಗಳಲ್ಲಿ ಅರ್ಧದಷ್ಟು ಪೂಜೆಯವೇ. ನಾನೀಗ ಪೆಟ್ಟಿಗೆಗೆ ಕುಂಕುಮ ಹಚ್ಚುತ್ತೇನೆ. ನಮ್ಮಮ್ಮನಿಗೆ ಮೊದಲ ವರ್ಷ ಒಪ್ಪಿಗೆಯಾಗಲಿಲ್ಲ, ಈಗ ರೂಢಿಯಾಗಿದೆ.

ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹೊಡೆಯುವ ಖಯಾಲಿ ಇದ್ದವರಿಗೆ: 2019ರಿಂದ ಅದಕ್ಕೇ ಅಂತ ಬೇರೆ ಶಿಕ್ಷೆ ಇದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹೊರಗೆ ಒಯ್ಯುವಾಗ ಹೋಲ್ಸ್ಟರ್ ಒಳಗೇ ಇರಬೇಕು, ನಾಲ್ಕು ಜನಕ್ಕೆ ತೋರಿಸುವ ಹಾಗಿಲ್ಲ.

ಎಲೆಕ್ಷನ್ ಬಂದರೆ ಜಮಾ ಮಾಡಲು ಆದೇಶ ಬರುತ್ತದೆ. ಒಯ್ಯುವ ಹಿಂದಿನ ರಾತ್ರಿ ಒರೆಸಿ, ಎಣ್ಣೆ ಸ್ವಲ್ಪ ದಪ್ಪಗೇ ಸವರಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಡಿ. ಚರ್ಮದ ಕವರ್ ಮನೆಯಲ್ಲೇ ಇರಲಿ. ರಸೀದಿಯಲ್ಲಿ ಆಯುಧದ ನಂಬರ್, ಗುಂಡಿನ ಲೆಕ್ಕ ಸರಿಯಿದೆಯಾ ಅಂತ ಅಲ್ಲೇ ಓದಿ. 2024ರ ಲೋಕಸಭೆ ಚುನಾವಣೆಗೆ ನಾನು ಕವರ್ ಸಮೇತ ಕೊಟ್ಟು, ವಾಪಸ್ ತಂದ ಮೇಲೆ ಒಂದು ವಾರ ತುಕ್ಕು ತಿಕ್ಕಿದೆ.

ರಿನೀವಲ್‌ಗೆ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಕಳುವಾದರೆ ಅವತ್ತೇ ಠಾಣೆಗೆ ಬರೆದು ಕೊಡಿ. ಒಂದು ಡೈರಿ ಇಡಿ: ಯಾವ ದಿನ ಎಷ್ಟು ಹೊಡೆದೆ, ಎಷ್ಟು ಉಳಿಯಿತು, ಯಾವಾಗ ಒರೆಸಿದೆ. ದೊಡ್ಡಪ್ಪನ ಕಾಲದ ಪುಟಗಳು ಖಾಲಿ, ನನ್ನವು ತುಂಬುತ್ತಿವೆ. ಸಿಡುಬು ಕಲೆ ಹಾಗೇ ಉಳಿದಿದೆ, ಕೀಲು ಮಾತ್ರ ಇನ್ನೂ ಅಲುಗಿಲ್ಲ.

ಮಾರುವ ದಿನ ಬಂದರೆ ಲೈಸೆನ್ಸ್ ಇರುವವರಿಗೆ ಮಾತ್ರ ಮಾರಬಹುದು. ಅದಕ್ಕೂ ಮುಂಚೆ ಡಿಸಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ನನ್ನ ಮಗ ಬೆಂಗಳೂರಿನಲ್ಲಿದ್ದಾನೆ, "ನನಗದು ಬೇಡಪ್ಪ" ಅಂದಿದ್ದಾನೆ. ಮಗಳು ಕಳೆದ ದೀಪಾವಳಿಗೆ ಬಂದಾಗ ರೇಂಜಿಗೆ ಬಂದು ಕೂತಿದ್ದಳು. ಏಳು ಮೀಟರಿನ ನನ್ನ ಕಾಗದ ನೋಡಿ, "ಅಪ್ಪಾ, ಎಲ್ಲಾ ಎಡಕ್ಕೇ ಬಿದ್ದಾವಲ್ಲ" ಅಂದಳು.